ಪಾದರಸದ ಗುಟ್ಟು ಗೊತ್ತಿದ್ದೂ ಹೇಳಲಾಗದ ಡಾಕ್ಟರ್: ಮಿನಮಾಟಾದ ಹೊಸೊಕಾವಾ ಯಾರು?

ಥರ್ಮಾಮೀಟರ್ ಒಡೆದು ಪಾದರಸ ಕೈಗೆ ತಾಗಿದರೆ ಸಾವು ಗ್ಯಾರಂಟಿ ಎನ್ನುವ ಫಾರ್ವರ್ಡ್ ನಿಮ್ಮ ಗ್ರೂಪಿಗೂ ಬಂದಿರಬಹುದು. ಅದು ತಪ್ಪು. ಗುಂಡುಗುಂಡಾಗಿ ಹೊರಳುವ ಪಾದರಸ ಚರ್ಮದೊಳಗೆ ಇಳಿಯುವುದು ತೀರಾ ಕಡಿಮೆ. ಅದರ ಆವಿಯನ್ನು ಉಸಿರಾಡುವುದು ಅಪಾಯ. ಹಾಗಾಗಿ ಕಿಟಕಿ ತೆರೆಯಿರಿ, ಪೊರಕೆ ಹಿಡಿಯಬೇಡಿ, ಗಟ್ಟಿ ಕಾಗದದಿಂದ ಒಟ್ಟುಮಾಡಿ ಮುಚ್ಚಳವಿರುವ ಬಾಟಲಿಗೆ ಹಾಕಿ. ಅಲ್ಲಿಗೆ ಥರ್ಮಾಮೀಟರಿನ ಮಾತು ಮುಗಿಯಿತು.

ಇದಕ್ಕಿಂತ ದೊಡ್ಡ ಭಯ ಕಣ್ಣಿಗೆ ಕಾಣುವುದಿಲ್ಲ. ಬಳ್ಳಾರಿ ಜಿಲ್ಲೆಯವರು ಅದನ್ನು ತಿಳಿದುಕೊಳ್ಳಲು ಕಾರಣವೂ ಇದೆ. ಬಳ್ಳಾರಿಯಿಂದ ಹೊಸಪೇಟೆ ಕಡೆ ಹೊರಟರೆ ಕುಡತಿನಿಯ ಬಳಿ 1,700 ಮೆಗಾವಾಟ್‌ನ ಶಾಖೋತ್ಪನ್ನ ವಿದ್ಯುತ್ ಸ್ಥಾವರ ಕಾಣುತ್ತದೆ. ಎಲ್ಲ ಕಲ್ಲಿದ್ದಲಿನಲ್ಲೂ ಅತ್ಯಲ್ಪ ಪ್ರಮಾಣದ ಪಾದರಸ ಇರುತ್ತದೆ. ಕಲ್ಲಿದ್ದಲು ಉರಿದಾಗ ಅದರಲ್ಲಿ ಒಂದು ಪಾಲು ಆವಿಯಾಗಿ ಹೊಗೆಯ ಜೊತೆ ಹೊರಬರುತ್ತದೆ, ದಿನಗಳೋ ತಿಂಗಳುಗಳೋ ಕಳೆದು ಮಳೆ, ಧೂಳಿನೊಂದಿಗೆ ಎಲ್ಲೋ ಕೆಳಗಿಳಿಯುತ್ತದೆ. ಕೆರೆ, ಹೊಳೆಯ ತಳದ ಕೆಸರಿನಲ್ಲಿರುವ ಬ್ಯಾಕ್ಟೀರಿಯಾಗಳು ಅದನ್ನು ಮೀಥೈಲ್ ಪಾದರಸವಾಗಿ ಬದಲಿಸುತ್ತವೆ. ಸಣ್ಣ ಹುಳವನ್ನು ಸಣ್ಣ ಮೀನು, ಸಣ್ಣ ಮೀನನ್ನು ದೊಡ್ಡ ಮೀನು ತಿನ್ನುತ್ತಾ ಹೋದಂತೆ ಈ ವಿಷ ಮೈಯಲ್ಲಿ ಕೂಡುತ್ತಾ ಹೋಗುತ್ತದೆ. ಹಾಗಂತ ತುಂಗಭದ್ರೆಯ ಮೀನು ವಿಷ ಎಂದು ನಾವು ಹೇಳುತ್ತಿಲ್ಲ. ದಯವಿಟ್ಟು ಈ ಪ್ಯಾರಾ ಮಾತ್ರ ಕತ್ತರಿಸಿ ಫಾರ್ವರ್ಡ್ ಮಾಡಬೇಡಿ.

ಮೀಥೈಲ್ ಪಾದರಸ ಮನುಷ್ಯನಿಗೆ ಏನು ಮಾಡುತ್ತದೆ ಎಂಬುದು ಜಗತ್ತಿಗೆ ಗೊತ್ತಾದದ್ದು ಜಪಾನಿನ ಮಿನಮಾಟಾ ಎಂಬ ಊರಿನಿಂದ. ಆ ಕಥೆಯ ನಡುವೆ ನಿಂತವರು ಡಾ. ಹಜಿಮೆ ಹೊಸೊಕಾವಾ.

ಹೊಸೊಕಾವಾ ಹುಟ್ಟಿದ್ದು 1901ರಲ್ಲಿ, ಜಪಾನಿನ ಎಹಿಮೆ ಪ್ರಾಂತ್ಯದಲ್ಲಿ. ಟೋಕಿಯೋದಲ್ಲಿ ವೈದ್ಯಕೀಯ ಓದಿ ಚಿಸ್ಸೊ ಎಂಬ ರಾಸಾಯನಿಕ ಕಂಪನಿಯ ವೈದ್ಯರಾದರು. ಯುದ್ಧಕಾಲದಲ್ಲಿ ಸೇನೆಯ ವೈದ್ಯರಾಗಿ ಬರ್ಮಾಕ್ಕೆ ಹೋಗಿಬಂದರು. ಆಮೇಲೆ ಮಿನಮಾಟಾದಲ್ಲಿದ್ದ ಕಂಪನಿಯ ಆಸ್ಪತ್ರೆಗೆ ಮುಖ್ಯಸ್ಥರಾದರು. ಊರಿಗೆ ಊರೇ ಆ ಕಾರ್ಖಾನೆಯನ್ನು ನಂಬಿಕೊಂಡಿತ್ತು. ಒಂದು ದೊಡ್ಡ ಕಾರ್ಖಾನೆಯ ಸುತ್ತ ಬೆಳೆದ ಊರು ಹೇಗಿರುತ್ತದೆ ಎಂದು ತೋರಣಗಲ್ಲು ನೋಡಿದವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

1956ರ ಏಪ್ರಿಲ್ 21ರಂದು ಐದು ವರ್ಷದ ಒಂದು ಹುಡುಗಿಯನ್ನು ಆ ಆಸ್ಪತ್ರೆಗೆ ಕರೆತಂದರು. ನಡೆಯಲು ಆಗುತ್ತಿರಲಿಲ್ಲ, ಮಾತು ತೊದಲುತ್ತಿತ್ತು, ಸೆಳೆತ ಬರುತ್ತಿತ್ತು. ಎರಡೇ ದಿನಕ್ಕೆ ಅವಳ ಪುಟ್ಟ ತಂಗಿಗೂ ಅದೇ ಶುರುವಾಯಿತು. ವಿಚಾರಿಸಿದರೆ ಅಕ್ಕಪಕ್ಕದ ಮನೆಗಳಲ್ಲೂ ಇಂಥವರಿದ್ದರು. ಹೆಚ್ಚಿನವರು ಮೀನುಗಾರರ ಮನೆಯವರು. ಅದಕ್ಕೂ ಮೊದಲೇ ಅಲ್ಲಿನ ಬೆಕ್ಕುಗಳು ಕುಣಿದಂತೆ ಓಲಾಡಿ ಸಾಯುತ್ತಿದ್ದವು. ಮೇ 1ರಂದು ಹೊಸೊಕಾವಾ ಅವರ ಆಸ್ಪತ್ರೆ ಕಾರಣ ತಿಳಿಯದ ನರರೋಗ ಹರಡುತ್ತಿದೆ ಎಂದು ಆರೋಗ್ಯ ಇಲಾಖೆಗೆ ವರದಿ ಕೊಟ್ಟಿತು. ಮಿನಮಾಟಾ ಕಾಯಿಲೆ ಅಧಿಕೃತವಾಗಿ ದಾಖಲಾದ ದಿನ ಇದೇ.

ಮೊದಲು ಎಲ್ಲರೂ ಅಂಟುರೋಗ ಅಂದುಕೊಂಡರು. ರೋಗಿಗಳನ್ನು ಬೇರೆ ಇಟ್ಟರು, ಮನೆಗಳಿಗೆ ಔಷಧಿ ಸಿಂಪಡಿಸಿದರು, ನೆರೆಯವರು ಆ ಮನೆಗಳ ಕಡೆ ಸುಳಿಯುವುದನ್ನೇ ಬಿಟ್ಟರು. ಕೊರೋನಾ ಕಾಲದಲ್ಲಿ ನಾವು ನಮ್ಮದೇ ಬೀದಿಯಲ್ಲಿ ಕಂಡದ್ದು ಇದನ್ನೇ ತಾನೇ?

ಹೊಸೊಕಾವಾ ಸ್ವತಃ ಬೆಕ್ಕುಗಳ ಮೇಲೆ ಪ್ರಯೋಗ ಶುರುಮಾಡಿದರು. ಕಾರ್ಖಾನೆಯಲ್ಲಿ ಅಸಿಟಾಲ್ಡಿಹೈಡ್ ತಯಾರಿಸಲು ಪಾದರಸ ಬಳಸುತ್ತಿದ್ದರು. 1932ರಿಂದಲೂ ಅದರ ಕೊಳೆನೀರು ಸಮುದ್ರಕ್ಕೆ ಹೋಗುತ್ತಿತ್ತು. 1959ರ ಜುಲೈನಲ್ಲಿ ಕುಮಾಮೊಟೊ ವಿಶ್ವವಿದ್ಯಾಲಯದ ತಂಡ ಕಾಯಿಲೆಗೆ ಸಾವಯವ ಪಾದರಸವೇ ಕಾರಣ ಎಂದಿತು. ಕಂಪನಿ ಒಪ್ಪಲಿಲ್ಲ. ಅದೇ ತಿಂಗಳು ಹೊಸೊಕಾವಾ ಆ ಕೊಳೆನೀರನ್ನೇ ಆಹಾರಕ್ಕೆ ಬೆರೆಸಿ ಒಂದು ಬೆಕ್ಕಿಗೆ ದಿನವೂ ತಿನ್ನಿಸತೊಡಗಿದರು. ಅದರ ಸಂಖ್ಯೆ 400. ಅಕ್ಟೋಬರ್‌ನಲ್ಲಿ ಆ ಬೆಕ್ಕು ನಡುಗಿತು, ಸುತ್ತಿತು, ಬಿದ್ದಿತು. ಊರಿನ ಬೆಕ್ಕುಗಳಿಗೆ ಆದದ್ದೇ ಇದಕ್ಕೂ ಆಯಿತು.

ಅವರು ಕಂಪನಿಯ ಮೇಲಿನವರಿಗೆ ವಿಷಯ ತಿಳಿಸಿದರು. ಒಂದು ಬೆಕ್ಕಿನಿಂದ ಏನೂ ಸಾಬೀತಾಗುವುದಿಲ್ಲ ಎಂಬ ನೆಪ ಸಿಕ್ಕಿತು. ಕೊಳೆನೀರಿನ ಪ್ರಯೋಗ ಮುಂದುವರಿಸಲು ಬಿಡಲಿಲ್ಲ. ಫಲಿತಾಂಶ ಹೊರಗೆ ಬರಲಿಲ್ಲ. ಹೊಸೊಕಾವಾ ಸುಮ್ಮನಾದರು.

ಆ ಮೌನಕ್ಕೆ ಬೆಲೆ ತೆತ್ತವರು ಬೇರೆಯವರು. 1959ರ ಡಿಸೆಂಬರ್ 30ರಂದು ಕಂಪನಿ ರೋಗಿಗಳ ಜೊತೆ ಒಪ್ಪಂದ ಮಾಡಿಕೊಂಡಿತು. ಸತ್ತವರಿಗೆ 3 ಲಕ್ಷ ಯೆನ್. ಮುಂದೆ ಕಾರ್ಖಾನೆಯ ನೀರೇ ಕಾರಣ ಎಂದು ಗೊತ್ತಾದರೂ ಹೆಚ್ಚಿನ ಪರಿಹಾರ ಕೇಳುವಂತಿಲ್ಲ ಎಂಬ ಷರತ್ತೂ ಅದರಲ್ಲಿತ್ತು. 400ನೇ ಬೆಕ್ಕಿನ ವಿಷಯ ಕಂಪನಿಗೆ ಗೊತ್ತಿತ್ತು, ಸಹಿ ಹಾಕಿದ ಬಡ ಮೀನುಗಾರರಿಗೆ ಗೊತ್ತಿರಲಿಲ್ಲ. ಅಸಿಟಾಲ್ಡಿಹೈಡ್ ತಯಾರಿಕೆ ನಿಂತದ್ದು 1968ರ ಮೇ ತಿಂಗಳಲ್ಲಿ. ಈ ನಡುವೆ ಬಸಿರಲ್ಲೇ ವಿಷ ಉಂಡ ಮಕ್ಕಳು ಹುಟ್ಟಿದರು. ತಾಯಂದಿರಲ್ಲಿ ಲಕ್ಷಣ ಅಷ್ಟಾಗಿ ಕಾಣುತ್ತಿರಲಿಲ್ಲ, ಮಕ್ಕಳಿಗೆ ಮಾತ್ರ ಕತ್ತು ನಿಲ್ಲುತ್ತಿರಲಿಲ್ಲ. ಹೊಟ್ಟೆಯಲ್ಲಿರುವ ಮಗುವನ್ನು ಮಾಸು ಕಾಪಾಡುತ್ತದೆ ಎಂದು ವೈದ್ಯರು ನಂಬಿದ್ದ ಕಾಲ ಅದು.

ಹೊಸೊಕಾವಾ 1962ರಲ್ಲಿ ಕೆಲಸ ಬಿಟ್ಟು ತಮ್ಮ ಊರಿಗೆ ಮರಳಿದರು. 1965ರಲ್ಲಿ ನಿಗಾಟಾ ಎಂಬಲ್ಲಿ ಇನ್ನೊಂದು ಕಾರ್ಖಾನೆಯಿಂದ ಅದೇ ಕಾಯಿಲೆ ಕಾಣಿಸಿಕೊಂಡಾಗ ಅಲ್ಲಿಗೂ ಹೋಗಿ ರೋಗಿಗಳನ್ನು ನೋಡಿಬಂದರು. 1969ರಲ್ಲಿ ಮಿನಮಾಟಾದ ಕುಟುಂಬಗಳು ಕೋರ್ಟಿಗೆ ಹೋದವು. ಅಷ್ಟರಲ್ಲಿ ಅವರಿಗೆ ಕ್ಯಾನ್ಸರ್ ತಗುಲಿತ್ತು. 1970ರ ಜುಲೈ 4ರಂದು ಟೋಕಿಯೋದ ಆಸ್ಪತ್ರೆಯ ಹಾಸಿಗೆಯಲ್ಲೇ ಸಾಕ್ಷ್ಯ ದಾಖಲಾಯಿತು. ತಾವು ಇಷ್ಟು ವರ್ಷ ಕೆಲಸ ಮಾಡಿದ ಕಂಪನಿಯ ವಿರುದ್ಧ 400ನೇ ಬೆಕ್ಕಿನ ಕಥೆ ಹೇಳಿದರು. ಅಕ್ಟೋಬರ್ 13ರಂದು ತೀರಿಕೊಂಡರು. 1973ರ ಮಾರ್ಚ್ 20ರಂದು ಬಂದ ತೀರ್ಪು ಕಂಪನಿಯನ್ನು ಹೊಣೆ ಮಾಡಿತು, 1959ರ ಒಪ್ಪಂದವನ್ನು ತಳ್ಳಿಹಾಕಿತು.

ಅವರನ್ನು ಹೀರೋ ಅನ್ನಬೇಕೇ? ನಮ್ಮ ತಂಡದಲ್ಲೇ ಒಮ್ಮತ ಇಲ್ಲ. ಮೊದಲ ವರದಿ ಅವರ ಆಸ್ಪತ್ರೆಯದೇ, ಸುಮಾರು ಹನ್ನೊಂದು ವರ್ಷ ಬಾಯಿ ಕಟ್ಟಿಕೊಂಡವರೂ ಅವರೇ.

ನಮ್ಮ ರಾಜ್ಯದಲ್ಲೂ ಪಾದರಸ ಕಡಲಿಗೆ ಸೇರಿದ್ದುಂಟು. ಕಾರವಾರದ ಬಿಣಗಾ ಬಳಿಯ ಕಾಸ್ಟಿಕ್ ಸೋಡಾ ಕಾರ್ಖಾನೆಯಲ್ಲಿ ಹಿಂದೆ ಪಾದರಸ ಬಳಸುತ್ತಿದ್ದರು. ಅದರ ಹತ್ತಿರದ ಕಡಲಿನಲ್ಲಿ ಪಾದರಸ ಸೇರಿರುವುದನ್ನು ಸಮುದ್ರ ವಿಜ್ಞಾನಿಗಳು 1990ರಲ್ಲೇ ಪ್ರಕಟಿಸಿದ್ದರು. ಅಲ್ಲಿನ ಪ್ರಕ್ರಿಯೆ ಬೇರೆ, ಮಿನಮಾಟಾಕ್ಕೆ ಅದನ್ನು ಹೋಲಿಸುವಂತಿಲ್ಲ. ಪರೀಕ್ಷೆಯ ಫಲಿತಾಂಶ ಎಲ್ಲರೂ ಓದುವಂತೆ ಅಚ್ಚಾಯಿತು ಎಂಬುದಷ್ಟೇ ನಮಗೆ ಇಲ್ಲಿ ಮುಖ್ಯ.

ಕಲ್ಲಿದ್ದಲು ಸ್ಥಾವರಗಳ ಚಿಮಣಿಯಿಂದ ಹೊರಬರುವ ಪಾದರಸಕ್ಕೆ ಕೇಂದ್ರ ಸರ್ಕಾರ 2015ರ ಡಿಸೆಂಬರ್‌ನಲ್ಲಿ ಮಿತಿ ಹಾಕಿದೆ: ಒಂದು ಘನ ಮೀಟರ್ ಹೊಗೆಯಲ್ಲಿ 0.03 ಮಿಲಿಗ್ರಾಂ. ಬಳ್ಳಾರಿ, ಕುರುಗೋಡಿನವರು ಮಾಹಿತಿ ಹಕ್ಕಿನ ಅರ್ಜಿಯಲ್ಲಿ ಕೇಳಬೇಕಾದ ಅಂಕಿ ಇದು. ಸಿರುಗುಪ್ಪದ ಸಂತೆಯಲ್ಲಿ ಮೀನು ಕೊಳ್ಳುವವರಿಗೆ ಇನ್ನೊಂದು ಮಾತು. ಅರಿಶಿನ, ಉಪ್ಪು ಹಚ್ಚಿ ತೊಳೆದರೆ ಪಾದರಸ ಹೋಗುತ್ತದೆ ಎಂದು ಯಾರಾದರೂ ಕಳಿಸಿದರೆ ನಂಬಬೇಡಿ. ಅದು ಮೀನಿನ ಮಾಂಸದಲ್ಲೇ ಬೆರೆತಿರುತ್ತದೆ, ಕುದಿಸಿದರೂ ಹುರಿದರೂ ಹೋಗದು. ಇದೆಯೋ ಇಲ್ಲವೋ ಎಂದು ಹೇಳಬಲ್ಲದ್ದು ಲ್ಯಾಬ್ ಒಂದೇ.