ಕಟ್ಟುವ ಮೊದಲೇ ಕುಸಿತದ ಲೆಕ್ಕ

1908ರ ಸೆಪ್ಟೆಂಬರ್ 28ರಂದು ಮೂಸಿ ನದಿ ಉಕ್ಕಿ ಹೈದರಾಬಾದ್ ನಗರವನ್ನು ಕೊಚ್ಚಿಹಾಕಿತು. ಸಾವಿರಾರು ಜನ ಪ್ರಾಣ ತೆತ್ತರು. ಮುಂಬಯಿ ಸರ್ಕಾರದ ಸೇವೆಯಿಂದ ಹೊರಬಂದು ವಿದೇಶ ಪ್ರವಾಸದಲ್ಲಿದ್ದ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರಿಗೆ ನಿಜಾಮರ ಸರ್ಕಾರದಿಂದ ಕರೆ ಬಂದಿತು. ಮರುವರ್ಷ ಅಲ್ಲಿಗೆ ತೆರಳಿದ ಅವರು ಪರಿಹಾರದ ನಕ್ಷೆ ಬರೆಯುವುದಕ್ಕೆ ಮುನ್ನ ನಾಶದ ದಾರಿಯನ್ನು ಹುಡುಕಿದರು. ನಗರದ ಮೇಲ್ಭಾಗದಲ್ಲಿ ನೂರಾರು ಕೆರೆಗಳಿದ್ದವು. ಒಂದರ ಏರಿ ಒಡೆದಾಗ ಆ ನೀರು ಕೆಳಗಿನ ಕೆರೆಗೆ ನುಗ್ಗಿ ಅದನ್ನೂ ಒಡೆಯಿತು. ಹೀಗೆ ಇನ್ನೂರಕ್ಕೂ ಹೆಚ್ಚು ಕೆರೆಗಳು ಹಾಳಾಗಿದ್ದವು. ಅಂಥ ಮಳೆ ಮತ್ತೆ ಬಂದೇ ಬರುತ್ತದೆಂದು ಎಣಿಸಿಯೇ ಅವರು ಯೋಜನೆ ರೂಪಿಸಿದರು. ದಂಡೆಗೆ ಗೋಡೆ ಕಟ್ಟಿದರೆ ಸಾಲದು, ಪ್ರವಾಹವನ್ನು ಊರಿನ ಮೇಲೆಯೇ ತಡೆಹಿಡಿಯಬೇಕೆಂಬುದು ಅದರ ತಿರುಳು. 1920ರಲ್ಲಿ ಉಸ್ಮಾನ್ ಸಾಗರ, 1927ರಲ್ಲಿ ಹಿಮಾಯತ್ ಸಾಗರ ಸಿದ್ಧವಾದವು.

ಕೆಲಸ ಆರಂಭಿಸುವ ಮೊದಲೇ ಅದು ಸೋತಿದೆಯೆಂದು ಭಾವಿಸಿ ಕಾರಣಗಳನ್ನು ಪಟ್ಟಿ ಮಾಡುವ ಪದ್ಧತಿಯನ್ನು ಇಂದಿನ ಕಂಪೆನಿಗಳು ತಮ್ಮ ತಂಡಗಳಿಗೆ ಕಲಿಸುತ್ತವೆ. ಹೆಸರು ಹೊಸದು, ಅಭ್ಯಾಸ ಹಳೆಯದು.

ಮುದ್ದೇನಹಳ್ಳಿಯಲ್ಲಿ ಜನಿಸಿ, ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿಯೂ ಪುಣೆಯ ವಿಜ್ಞಾನ ಕಾಲೇಜಿನಲ್ಲಿಯೂ ಓದಿದ ವಿಶ್ವೇಶ್ವರಯ್ಯನವರು 1884ರಲ್ಲಿ ಮುಂಬಯಿ ಲೋಕೋಪಯೋಗಿ ಇಲಾಖೆಯನ್ನು ಸೇರಿದರು. ಪುಣೆಯ ಬಳಿಯ ಖಡಕ್‌ವಾಸ್ಲಾ ಜಲಾಶಯದಲ್ಲಿ ಮಳೆಗಾಲದ ನೀರು ಕೋಡಿ ಹರಿದು ವ್ಯರ್ಥವಾಗುತ್ತಿತ್ತು. ಅಣೆಕಟ್ಟನ್ನು ಎತ್ತರಿಸಿದರೆ ಹಳೆಯ ಗೋಡೆಗೆ ಅಪಾಯ. ಕೋಡಿಗೆ ಬಾಗಿಲು ಹಾಕಿದರೆ, ಸರಿಯಾದ ಹೊತ್ತಿಗೆ ಅದನ್ನು ಎತ್ತಲು ನಡುರಾತ್ರಿಯ ಮಳೆಯಲ್ಲಿ ಕಾವಲುಗಾರ ಇಲ್ಲದಿದ್ದರೆ ಗತಿಯೇನು? ನೀರು ನಿಗದಿತ ಮಟ್ಟ ಮೀರಿದೊಡನೆ ತಾವಾಗಿಯೇ ತೆರೆದುಕೊಳ್ಳುವ, ಇಳಿದೊಡನೆ ಮುಚ್ಚಿಕೊಳ್ಳುವ ಬಾಗಿಲುಗಳನ್ನು ಅವರು ರಚಿಸಿದರು. 1903ರಲ್ಲಿ ಅವು ಅಲ್ಲಿ ಸ್ಥಾಪನೆಗೊಂಡವು. ಮನುಷ್ಯ ಮರೆಯುತ್ತಾನೆ ಎಂಬುದನ್ನು ವಿನ್ಯಾಸದೊಳಗೇ ಸೇರಿಸಿದ ಜಾಣ್ಮೆಯದು.

1909ರ ನವೆಂಬರ್‌ನಲ್ಲಿ ಮೈಸೂರಿನ ಮುಖ್ಯ ಎಂಜಿನಿಯರ್ ಆದ ಮೇಲೆ ಎದುರಾದದ್ದು ಬೇರೆ ಬಗೆಯ ಅಪಾಯ. ಕನ್ನಂಬಾಡಿಯಲ್ಲಿ 41.5 ಟಿಎಂಸಿ ನೀರು ಹಿಡಿಯುವ ಅಣೆಕಟ್ಟನ್ನು ಎರಡು ಹಂತಗಳಲ್ಲಿ ಕಟ್ಟುವ ಯೋಜನೆಗೆ ಸಂಸ್ಥಾನದ ಹಣಕಾಸಿನವರು ಹಿಂಜರಿದರು. ನಾಲ್ವಡಿ ಕೃಷ್ಣರಾಜ ಒಡೆಯರ ಸಮ್ಮತಿಯಿಂದ 1911ರಲ್ಲಿ ಕೆಲಸ ಮೊದಲಾಯಿತು. ಮದ್ರಾಸ್ ಸರ್ಕಾರ ಸಮ್ಮತಿಸಿದ್ದು 11 ಟಿಎಂಸಿಯ ಮೊದಲ ಹಂತಕ್ಕೆ ಮಾತ್ರ. ಕಿರಿದಾದ ತಳಪಾಯದ ಮೇಲೆ ಮುಂದೆ ಎತ್ತರದ ಗೋಡೆ ನಿಲ್ಲದು. ಆದುದರಿಂದ ಪೂರ್ಣ ಎತ್ತರಕ್ಕೆ ಬೇಕಾದಷ್ಟು ಅಗಲದ ತಳಪಾಯವನ್ನೇ ಹಾಕಲಾಯಿತು. ಮದ್ರಾಸ್ ಇದನ್ನು ಆಕ್ಷೇಪಿಸಿತು. ಮಧ್ಯಸ್ಥಿಕೆ, ಮೇಲ್ಮನವಿ ಎಂದು ಎಳೆದಾಡಿದ ವ್ಯಾಜ್ಯ 1924ರ ಒಪ್ಪಂದದವರೆಗೂ ನಡೆಯಿತು. ತಳಪಾಯ ತೆಳ್ಳಗಿದ್ದಿದ್ದರೆ ಆ ಒಪ್ಪಂದ ಕೈಗೆ ಬಂದರೂ ಮಂಡ್ಯದ ಬಯಲಿಗೆ ಅಷ್ಟು ನೀರು ಬರುತ್ತಿರಲಿಲ್ಲ. ನೆರೆಯವರ ಸಂಶಯಕ್ಕೂ ಅದೇ ತಳಪಾಯ ಕಾರಣವಾಯಿತೆಂಬುದನ್ನು ಮರೆಯಲಾಗದು.

1912ರಿಂದ 1918ರವರೆಗಿನ ದಿವಾನಗಿರಿಯ ಸಾಧನೆಗಳನ್ನು ನಾಡು ಬಲ್ಲದು. ಆದರೆ ಮುಂಗಾಣ್ಕೆ ಎಲ್ಲ ಕಡೆಯೂ ಫಲಿಸಲಿಲ್ಲ. ಸರ್ಕಾರಿ ಹುದ್ದೆಗಳಲ್ಲಿ ಪಾಲು ಕೇಳಿದ ಹಿಂದುಳಿದ ವರ್ಗಗಳ ದನಿ ಏರುತ್ತಿದ್ದುದನ್ನು ಅವರು ನೀರಿನ ಮಟ್ಟವನ್ನು ಅಳೆದಂತೆ ಅಳೆಯಲಿಲ್ಲ. ಮಿಲ್ಲರ್ ಸಮಿತಿಯ ನೇಮಕವಾದ ವರ್ಷದ ಕೊನೆಗೆ, ಈ ವಿಷಯದ ಭಿನ್ನಾಭಿಪ್ರಾಯದಿಂದಲೇ, ಪದವಿ ಬಿಟ್ಟರು. ಅವರ ಕಾಲದಲ್ಲಿ ಕಾರ್ಯಾರಂಭವಾದ ಭದ್ರಾವತಿ ಕಬ್ಬಿಣದ ಕಾರ್ಖಾನೆ ಉತ್ಪಾದನೆಗೆ ಇಳಿಯುವಷ್ಟರಲ್ಲಿ ಮಹಾಯುದ್ಧ ಮುಗಿದು ಕಬ್ಬಿಣದ ಬೆಲೆ ನೆಲಕಚ್ಚಿತ್ತು. ನಷ್ಟದಲ್ಲಿದ್ದ ಕಾರ್ಖಾನೆಯ ಹೊಣೆಯನ್ನು 1923ರಲ್ಲಿ ಅವರೇ ಹೊತ್ತು ವರ್ಷಗಳ ಕಾಲ ದುಡಿದರು.

1955ರಲ್ಲಿ ಭಾರತರತ್ನ ಬಂದಿತು. 1961ರ ಜುಲೈ 12ರಂದು ಪುಣೆಯ ಮೇಲ್ಭಾಗದಲ್ಲಿ, ಪೂರ್ತಿ ಮುಗಿಯದಿದ್ದಾಗಲೇ ನೀರು ತುಂಬಿಸಿಕೊಂಡಿದ್ದ ಪಾನ್‌ಶೇತ್ ಅಣೆಕಟ್ಟು ಒಡೆಯಿತು. ಅದರ ನೀರು ಕೆಳಗಿನ ಖಡಕ್‌ವಾಸ್ಲಾ ಅಣೆಕಟ್ಟನ್ನೂ ಒಡೆದು ನಗರಕ್ಕೆ ನುಗ್ಗಿತು. ಮೂಸಿಯ ಕೆರೆಗಳು ಒಂದರ ಮೇಲೊಂದು ಒಡೆದ ಬಗೆಯೇ ಅದು. ವಿಶ್ವೇಶ್ವರಯ್ಯನವರು ಆಗ ನೂರರ ಆಸುಪಾಸಿನಲ್ಲಿದ್ದರು. 1962ರ ಏಪ್ರಿಲ್ 14ರಂದು ಬೆಂಗಳೂರಿನಲ್ಲಿ ನಿಧನರಾದ ಅವರ ಸಮಾಧಿ ಮುದ್ದೇನಹಳ್ಳಿಯಲ್ಲಿದೆ.