ಬಳ್ಳಾರಿಯಲ್ಲಿ ತಂಗಿದ ವಿಮಾನ

ಕುಣಿಗಲ್‌ನಿಂದ ತುಮಕೂರಿಗೆ ಎಷ್ಟು ದೂರ ಎಂದು ಕೇಳಿದರೆ ನಮ್ಮ ಕಡೆ ಹೆಚ್ಚಿನವರು ಕಿಲೋಮೀಟರ್ ಹೇಳುವುದಿಲ್ಲ, ಬಸ್ಸಿಗೆ ಹಿಡಿಯುವ ಹೊತ್ತನ್ನು ಹೇಳುತ್ತಾರೆ. ಬಸ್ಸು ಹೊತ್ತಿಗೆ ಸರಿಯಾಗಿ ಬಾರದಿದ್ದರೆ ಪಕ್ಕದ ಊರೂ ದೂರವೇ. ಈ ಮಾತು ಆಕಾಶಕ್ಕೂ ಅನ್ವಯಿಸುತ್ತದೆ ಎಂದು ತೋರಿಸಿದವರು ಜೆ.ಆರ್‌.ಡಿ. ಟಾಟಾ.

1904ರ ಜುಲೈ 29ರಂದು ಪ್ಯಾರಿಸ್‌ನಲ್ಲಿ ಹುಟ್ಟಿದ ಅವರಿಗೆ ಕೇಂಬ್ರಿಡ್ಜ್‌ನಲ್ಲಿ ಎಂಜಿನಿಯರಿಂಗ್ ಓದುವ ಆಸೆಯಿತ್ತು. ಆದರೆ ತಂದೆ ಭಾರತಕ್ಕೆ ಕರೆಸಿಕೊಂಡರು. 1925ರಲ್ಲಿ ಸಂಬಳವಿಲ್ಲದ ಅಪ್ರೆಂಟಿಸ್ ಆಗಿ ಟಾಟಾ ಸಂಸ್ಥೆ ಸೇರಿದರು. ಪದವಿ ಕೈಗೂಡಲೇ ಇಲ್ಲ. ಆ ಕೊರತೆಯನ್ನು ಓದಿನಿಂದಲೇ ತುಂಬಿಕೊಂಡರು. 1929ರ ಫೆಬ್ರುವರಿ 10ರಂದು, 24ನೇ ವಯಸ್ಸಿನಲ್ಲಿ, ಭಾರತದಲ್ಲಿ ನೀಡಲಾದ ಮೊದಲ ಪೈಲಟ್ ಲೈಸೆನ್ಸ್ ಅವರದಾಯಿತು.

ಆಗ ಲಂಡನ್‌ನ ವಿಮಾನ ಅಂಚೆ ಕರಾಚಿವರೆಗೆ ಬರುತ್ತಿತ್ತು. ಅದನ್ನು ದಕ್ಷಿಣಕ್ಕೆ ತಲುಪಿಸುವ ಹೊಣೆಯನ್ನು ಟಾಟಾ ಹೊತ್ತರು. 1932ರ ಅಕ್ಟೋಬರ್ 15ರಂದು ಪುಟ್ಟ ‘ಪಸ್ ಮಾತ್’ ವಿಮಾನದಲ್ಲಿ ಸುಮಾರು 25 ಕೆ.ಜಿ. ಅಂಚೆಯೊಂದಿಗೆ ಕರಾಚಿಯಿಂದ ಹೊರಟರು. ಅಹಮದಾಬಾದಿನಲ್ಲಿ ಇಂಧನ ಬಂದದ್ದು ಎತ್ತಿನ ಗಾಡಿಯಲ್ಲಿ! ಮಧ್ಯಾಹ್ನ ಮುಂಬೈನ ಜುಹು ತಲುಪಿದರು. ಅಲ್ಲಿಂದ ಅಂಚೆಯನ್ನು ಹೊತ್ತವರು ಅವರ ಜೊತೆಗಾರ ನೆವಿಲ್ ವಿನ್ಸೆಂಟ್.

ಮುಂಬೈಯಿಂದ ಮದ್ರಾಸಿಗೆ ನೇರ ಗೆರೆ ಎಳೆದರೆ ಸಾವಿರ ಕಿ.ಮೀ.ಗೂ ಸ್ವಲ್ಪ ಹೆಚ್ಚು. ಇಂದು ಎರಡು ಗಂಟೆಯ ಹಾದಿ. ಅಂದು ರಾತ್ರಿ ಹಾರಲು ನೆಲದ ದೀಪಗಳಿಲ್ಲ, ವಿಮಾನದಲ್ಲಿ ರೇಡಿಯೊ ಇಲ್ಲ. ಹೀಗಾಗಿ ವಿನ್ಸೆಂಟ್ ನಮ್ಮ ಬಳ್ಳಾರಿಯಲ್ಲಿ ರಾತ್ರಿ ತಂಗಿ, ಮರುದಿನ ಮದ್ರಾಸು ಸೇರಿದರು. ಎರಡು ಮಹಾನಗರಗಳನ್ನು ಬೆಸೆದದ್ದು ನಡುವಿನ ಒಂದು ಬಯಲುಸೀಮೆಯ ಊರು.

ಮಳೆಗಾಲದಲ್ಲಿ ಜುಹು ಕೆಸರಾದರೆ ಪುಣೆಯಿಂದ ವಿಮಾನ ಹಾರಿಸಿದರು. ಸರ್ಕಾರದ ಸಹಾಯಧನವಿರಲಿಲ್ಲ. ಆದರೂ 1933ರಲ್ಲಿ ಈ ಸೇವೆ 1,60,000 ಮೈಲಿ ಹಾರಿತು. 155 ಪ್ರಯಾಣಿಕರನ್ನೂ 10 ಟನ್‌ಗೂ ಹೆಚ್ಚು ಅಂಚೆಯನ್ನೂ ಸಾಗಿಸಿತು. ಸಮಯಪಾಲನೆ ನೂರಕ್ಕೆ ನೂರು! ಅದೇ ಸೇವೆ 1946ರಲ್ಲಿ ಏರ್ ಇಂಡಿಯಾ ಆಯಿತು. 1953ರಲ್ಲಿ ರಾಷ್ಟ್ರೀಕರಣವಾದ ಮೇಲೂ 1978ರವರೆಗೆ ಅವರು ಅದರ ಚುಕ್ಕಾಣಿ ಹಿಡಿದಿದ್ದರು. 1982ರಲ್ಲಿ, 78ನೇ ವಯಸ್ಸಿನಲ್ಲಿ, ಕರಾಚಿ–ಮುಂಬೈ ಹಾರಾಟವನ್ನು ಮತ್ತೊಮ್ಮೆ ನಡೆಸಿದರು. 1992ರಲ್ಲಿ ಭಾರತರತ್ನ ಬಂತು. 1993ರ ನವೆಂಬರ್ 29ರಂದು ಜಿನೀವಾದಲ್ಲಿ ನಿಧನರಾದರು.

2023ರಲ್ಲಿ ನಮ್ಮ ಗುಬ್ಬಿ ತಾಲ್ಲೂಕಿನಲ್ಲಿ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ ಆರಂಭವಾದಾಗಿನಿಂದ ಎಷ್ಟೋ ಸ್ನೇಹಿತರು ಅಲ್ಲಿ ಕೆಲಸದ ಕನಸು ಕಾಣುತ್ತಿದ್ದಾರೆ. ಅಂಕಪಟ್ಟಿ ಬಾಗಿಲವರೆಗೆ ಕರೆದೊಯ್ಯಬಹುದು. ಒಳಗೆ ಹೋದ ಮೇಲೆ ಬೇಕಾಗುವುದು ಹೇಳಿದ ಹೊತ್ತಿಗೆ, ಹೇಳಿದ ಜಾಗದಲ್ಲಿ ಸಿದ್ಧವಾಗಿರುವ ಗುಣ. ಪದವಿಯಿಲ್ಲದ ಜೆಆರ್‌ಡಿ ದೂರವನ್ನು ಗೆದ್ದದ್ದು ಅದರಿಂದಲೇ.