ಸೆರೆಯಾಳಿಗೂ ಅಭಯವಿತ್ತ ಕಿತ್ತೂರು ಚೆನ್ನಮ್ಮ

ವೀರರ ಚರಿತ್ರೆಯನ್ನು ಬರೆಯುವವರು ಖಡ್ಗದ ಹೊಳಪನ್ನು ಬಹುವಾಗಿ ವರ್ಣಿಸುತ್ತಾರೆ. ಆ ಖಡ್ಗವು ಯಾವ ಎಡೆಯಲ್ಲಿ ಒರೆಯನ್ನು ಸೇರಿತೆಂಬುದನ್ನು ಹೇಳುವವರು ವಿರಳ. ಎದುರಾದ ಹಗೆಯನ್ನು ರಣದಲ್ಲಿ ಜಯಿಸುವುದು ಶೌರ್ಯ. ಕೈಗೆ ಸಿಕ್ಕಿದ ನಿರಾಯುಧನ ಪ್ರಾಣವನ್ನು ಕಾಪಾಡುವುದು ಧರ್ಮ. ಇವೆರಡೂ ಒಂದೆಡೆ ನೆಲೆಸಿದ ಬಾಳು ಕಿತ್ತೂರಿನ ರಾಣಿ ಚೆನ್ನಮ್ಮನದು.

ಚೆನ್ನಮ್ಮನು 1778ರಲ್ಲಿ ಬೆಳಗಾವಿಯ ಸಮೀಪದ ಕಾಕತಿ ಗ್ರಾಮದ ದೇಸಾಯಿ ಮನೆತನದಲ್ಲಿ ಜನಿಸಿದಳು. ತಂದೆ ಧೂಳಪ್ಪ ದೇಸಾಯಿ. ಬಾಲ್ಯದಲ್ಲಿಯೇ ಕುದುರೆಯ ಸವಾರಿ, ಕತ್ತಿವರಸೆಗಳನ್ನು ಕಲಿತ ಈ ಕನ್ಯೆಯು ಕಿತ್ತೂರಿನ ಮಲ್ಲಸರ್ಜ ದೇಸಾಯಿಯ ಕೈಹಿಡಿದು ಆ ಲಿಂಗಾಯತ ಸಂಸ್ಥಾನದ ರಾಣಿಯಾದಳು. ಹಿರಿಯ ರಾಣಿ ರುದ್ರಮ್ಮ. ಪುಣೆಯ ಪೇಶ್ವೆಯ ಬಂಧನದಲ್ಲಿ ಬಳಲಿದ ಮಲ್ಲಸರ್ಜನು 1816ರಲ್ಲಿ ಕಾಲವಶನಾದನು. ಪತಿಯ ಈ ಪಾಡನ್ನು ಕಂಡುಂಡ ಚೆನ್ನಮ್ಮನಿಗೆ ಸೆರೆಯೆಂಬುದರ ಅರ್ಥವನ್ನು ಮತ್ತೊಬ್ಬರು ಹೇಳಬೇಕಾಗಿರಲಿಲ್ಲ.

ತರುವಾಯ ರುದ್ರಮ್ಮನ ಪುತ್ರ ಶಿವಲಿಂಗರುದ್ರಸರ್ಜನು ಪಟ್ಟವೇರಿದನು. 1818ರಲ್ಲಿ ಪೇಶ್ವೆಯ ವಿರುದ್ಧ ನಡೆದ ಯುದ್ಧದಲ್ಲಿ ಕಿತ್ತೂರು ಇಂಗ್ಲಿಷ್ ಕಂಪೆನಿಗೆ ನೆರವಿತ್ತಿತು. ಕಂಪೆನಿಯೂ ಸಂಸ್ಥಾನವನ್ನು ಮಾನ್ಯ ಮಾಡಿತು. ಆದರೆ 1824ರ ಸೆಪ್ಟೆಂಬರಿನಲ್ಲಿ ಅರಸನು ಸಂತಾನವಿಲ್ಲದೆ ತೀರಿಕೊಂಡಾಗ, ಮರಣಕ್ಕೆ ಮುನ್ನ ಅವನು ಸ್ವೀಕರಿಸಿದ್ದ ದತ್ತಕವನ್ನು ಧಾರವಾಡದ ಕಲೆಕ್ಟರ್ ಥ್ಯಾಕರೆಯು ಒಪ್ಪಲಿಲ್ಲ. ರಾಣಿಯು ಪತ್ರಮುಖೇನ ನ್ಯಾಯವನ್ನು ಬೇಡಿದಳು. ಫಲವಾಗಲಿಲ್ಲ. ಥ್ಯಾಕರೆಯು ಸೈನ್ಯಸಮೇತನಾಗಿ ಬಂದು, ಅಕ್ಟೋಬರ್ 23ರಂದು ಕೋಟೆಯ ಬಾಗಿಲನ್ನು ಫಿರಂಗಿಯಿಂದ ಒಡೆಯಲು ಸಿದ್ಧನಾದನು. ಆಗ ಬಾಗಿಲು ತೆರೆಯಿತು; ಸರದಾರ ಗುರುಸಿದ್ಧಪ್ಪನ ಪಡೆಯು ಹೊರನುಗ್ಗಿತು. ಥ್ಯಾಕರೆಯು ಮಡಿದನು, ಅವನ ಸೈನ್ಯ ಚೆದುರಿತು.

ಅಂದು ಥ್ಯಾಕರೆಯ ಸಹಾಯಕರಾಗಿದ್ದ ಎಲಿಯಟ್ ಮತ್ತು ಸ್ಟೀವನ್ಸನ್ ಎಂಬ ಇಬ್ಬರು ಕಿತ್ತೂರಿನವರಿಗೆ ಸೆರೆಸಿಕ್ಕರು. ಇವರು ಪಡೆಯ ಯೋಧರಲ್ಲ. ಲೆಕ್ಕಪತ್ರ, ಕಂದಾಯಗಳನ್ನು ನೋಡಿಕೊಳ್ಳುತ್ತಿದ್ದ ಕಚೇರಿಯ ಅಧಿಕಾರಿಗಳು. ಎಲಿಯಟ್‌ನಿಗೆ ಆಗಿನ್ನೂ ಇಪ್ಪತ್ತೊಂದರ ಪ್ರಾಯ. ಹೊರಗೆ ತಮ್ಮವರನ್ನು ಕಳೆದುಕೊಂಡವರ ಆಕ್ರೋಶ ಮುಗಿಲು ಮುಟ್ಟಿತ್ತು. ದೊಡ್ಡ ದಂಡು ಬರಲಿದೆಯೆಂಬ ಸುದ್ದಿಯೂ ಹಬ್ಬಿತ್ತು. ಸೇಡಿಗೆ ಇದಕ್ಕಿಂತ ಸುಲಭವಾದ ಸಮಯವಿಲ್ಲ. ಆದರೂ ಸುಮಾರು ಆರು ವಾರಗಳ ಕಾಲ ಅವರ ಪ್ರಾಣಕ್ಕೆ ಅಪಾಯ ತಟ್ಟಲಿಲ್ಲ. ಶಸ್ತ್ರವಿಲ್ಲದವನನ್ನೂ ಕೈಮುಗಿದು ನಿಂತವನನ್ನೂ ಕೊಲ್ಲಬಾರದೆಂದು ಮನುಧರ್ಮಶಾಸ್ತ್ರವು ವಿಧಿಸುತ್ತದೆ. ಸಕಲ ಜೀವಿಗಳಲ್ಲಿ ದಯೆಯನ್ನು ಶರಣರು ಬೋಧಿಸಿದರು. ಕಿತ್ತೂರಿನ ಅರಮನೆಯಲ್ಲಿ ಅದು ಆಚರಣೆಗೆ ಬಂದಿತು.

ಲೋಕದ ರಾಷ್ಟ್ರಗಳು ಇದನ್ನು ಶಾಸನವಾಗಿ ಬರೆಯಲು ಬಹುಕಾಲ ಹಿಡಿಯಿತು. ಗಾಯಗೊಂಡ ಸೈನಿಕರ ರಕ್ಷಣೆಗೆ ಮೊದಲ ಜಿನೀವಾ ಒಪ್ಪಂದವಾದುದು 1864ರಲ್ಲಿ. ಯುದ್ಧಕೈದಿಗಳಿಗಾಗಿ ಪ್ರತ್ಯೇಕ ಒಪ್ಪಂದವಾದುದು 1929ರಲ್ಲಿ. ಯುದ್ಧದ ನಡುವೆ ಸಿಲುಕಿದ ಸಾಮಾನ್ಯ ಜನರ ರಕ್ಷಣೆಗೆಂದೇ ನಾಲ್ಕನೆಯ ಒಪ್ಪಂದ ಸಿದ್ಧವಾದುದು 1949ರಲ್ಲಿ. ಒತ್ತೆಯಾಳುಗಳನ್ನು ಇರಿಸಿಕೊಳ್ಳುವುದನ್ನೂ ಅದು ನಿಷೇಧಿಸಿತು.

ಸಂಧಾನವಾಗಬಹುದೆಂಬ ಆಸೆಯಿಂದ ರಾಣಿಯು ಡಿಸೆಂಬರ್ 2ರಂದು ಸೆರೆಯಾಳುಗಳನ್ನು ಸುರಕ್ಷಿತವಾಗಿ ಬಿಡುಗಡೆ ಮಾಡಿದಳು. ಕೋಟೆಯೊಳಗೆ ಅವರಿದ್ದಷ್ಟು ದಿನ ಹೊರಗಿನ ಫಿರಂಗಿಗಳಿಗೆ ಅಳುಕಿತ್ತು. ಆ ಬಲವನ್ನು ಆಕೆ ತಾನಾಗಿಯೇ ಬಿಟ್ಟುಕೊಟ್ಟಳು. ಪುಣೆಯ ಕಮಿಷನರ್ ಚಾಪ್ಲಿನ್‌ನು ಕೂಡಿಸಿದ್ದ ದಂಡು ಮರುದಿನವೇ ಮುತ್ತಿಗೆಗೆ ತೊಡಗಿತು. ಡಿಸೆಂಬರ್ 5ರಂದು ಕೋಟೆಯು ಬಿದ್ದಿತು. ಚೆನ್ನಮ್ಮನನ್ನು ಬೈಲಹೊಂಗಲದ ಕೋಟೆಯಲ್ಲಿ ಬಂಧನದಲ್ಲಿರಿಸಲಾಯಿತು. ಅನ್ಯರ ಸೆರೆಯಾಳುಗಳನ್ನು ಬಿಟ್ಟವಳಿಗೆ ಬಿಡುಗಡೆ ಲಭಿಸಲಿಲ್ಲ. 1829ರ ಫೆಬ್ರವರಿಯಲ್ಲಿ ಆಕೆ ಅಲ್ಲಿಯೇ ಲಿಂಗೈಕ್ಯಳಾದಳು.

ಕೋಟೆ ಬಿದ್ದಿತಾದರೂ ಶಾಂತಿ ನೆಲೆಸಲಿಲ್ಲ. ಸಂಗೊಳ್ಳಿಯ ರಾಯಣ್ಣನು ಶೇತಸನದಿ, ಅಂದರೆ ಗ್ರಾಮಸೇವೆಗೆ ಪ್ರತಿಯಾಗಿ ಭೂಮಿಯನ್ನು ಪಡೆದವನು. ಅಂಥವರ ಜಮೀನಿನ ಮೇಲೆ ಹೊಸ ಕಂದಾಯದ ಹೊರೆ ಬೀಳಲು ಅವನು ಬಂಡೆದ್ದನು. 1831ರಲ್ಲಿ ಅವನನ್ನು ನಂದಗಡದಲ್ಲಿ ಗಲ್ಲಿಗೇರಿಸಿದರು. ಘಟ್ಟದ ಕೆಳಗೂ ಕಥೆ ಬೇರೆಯಾಗಲಿಲ್ಲ. 1834ರಲ್ಲಿ ಕೊಡಗನ್ನು ಕಸಿದುಕೊಂಡ ಕಂಪೆನಿಯು ಅದಕ್ಕೆ ಸೇರಿದ್ದ ಅಮರಸುಳ್ಯ, ಪುತ್ತೂರು ಸೀಮೆಗಳನ್ನು ಕೆನರಾ ಜಿಲ್ಲೆಗೆ ಕೂಡಿಸಿ, ಕಂದಾಯವನ್ನು ನಗದಾಗಿಯೇ ಕೇಳಿತು. 1837ರಲ್ಲಿ ರೈತರು ಸಿಡಿದೆದ್ದರು. ಕಾಣಿಯೂರಿನ ನೆರೆಯ ಬೆಳ್ಳಾರೆಯ ಖಜಾನೆಯು ಅವರ ಕೈವಶವಾಯಿತು. ಮಂಗಳೂರು ಸುಮಾರು ಎರಡು ವಾರಗಳ ಕಾಲ ಅವರ ಅಧೀನದಲ್ಲಿತ್ತು. ಮಂಗಳೂರಿನ ಬಿಕರ್ನಕಟ್ಟೆಯಲ್ಲಿಯೂ ಮಡಿಕೇರಿಯಲ್ಲಿಯೂ ನಾಯಕರನ್ನು ನೇಣಿಗೆ ಹಾಕುವುದರೊಂದಿಗೆ ಅದೂ ಅಡಗಿತು. ಸೋತವರ ಹಕ್ಕನ್ನು ಮನ್ನಿಸದೆ ತಂದ ಮೌನವು ಶಾಂತಿಯಲ್ಲ. ಬೂದಿ ಮುಚ್ಚಿದ ಕೆಂಡ.

ಚೆನ್ನಮ್ಮನ ದಯೆಯು ವ್ಯರ್ಥವಾಯಿತೇ? ಕಿತ್ತೂರಿನಿಂದ ಜೀವಸಹಿತನಾಗಿ ಹೊರಬಂದ ಆ ತರುಣ ವಾಲ್ಟರ್ ಎಲಿಯಟ್‌ನು ಮುಂದಿನ ವರ್ಷಗಳಲ್ಲಿ ಕನ್ನಡ ನಾಡಿನ ಶಾಸನಗಳನ್ನು ಪ್ರತಿಮಾಡಿಸಿ, ಸುಮಾರು 600 ಶಾಸನಪಾಠಗಳನ್ನು ಸಂಗ್ರಹಿಸಿದನು. ಚಾಲುಕ್ಯರ ಇತಿಹಾಸವನ್ನು ಶಾಸನಾಧಾರದಿಂದ ಬರೆಯಲು ಮೊದಲಿಗರಾದವರಲ್ಲಿ ಅವನೊಬ್ಬ. ದಕ್ಷಿಣ ಭಾರತದ ನಾಣ್ಯಗಳನ್ನು ಕುರಿತ ಗ್ರಂಥವನ್ನೂ ರಚಿಸಿ 1887ರಲ್ಲಿ ತೀರಿಕೊಂಡನು. ಸಂಸ್ಥಾನವನ್ನು ಕಳೆದುಕೊಂಡ ರಾಣಿಯು ಉಳಿಸಿದ ಒಂದು ಜೀವದಿಂದ ಕನ್ನಡಿಗರ ಪೂರ್ವಚರಿತ್ರೆಗೆ ಇಂಥ ಉಪಕಾರವಾಯಿತು. ಕಾಪಾಡಿದ ಜೀವವು ಮುಂದೆ ಏನು ಫಲ ಕೊಡುವುದೆಂದು ಕಾಪಾಡಿದವರು ಅರಿಯರು. ಅರಿಯದೆಯೂ ಕಾಪಾಡುವುದೇ ಧರ್ಮ.

ಬೈಲಹೊಂಗಲದಲ್ಲಿ ಚೆನ್ನಮ್ಮನ ಸಮಾಧಿಯಿದೆ. 2007ರಲ್ಲಿ ದೆಹಲಿಯ ಸಂಸತ್ ಭವನದ ಆವರಣದಲ್ಲಿ ಆಕೆಯ ಪ್ರತಿಮೆಯೂ ಸ್ಥಾಪನೆಯಾಯಿತು. ಪ್ರತಿಮೆಯ ಕೈಯಲ್ಲಿ ಕತ್ತಿಯಿರುವುದು ಎಲ್ಲರಿಗೂ ಕಾಣುತ್ತದೆ. ಆ ಕತ್ತಿಯು ನಿರಾಯುಧರ ಮೇಲೆ ಎತ್ತದೆ ಉಳಿದುದನ್ನೂ ವಿದ್ಯಾರ್ಥಿಗಳು ನೆನೆಯಲಿ. ನಾಡನ್ನು ಪ್ರೀತಿಸುವ ಬಲದೊಡನೆ ಪರರ ಪ್ರಾಣವನ್ನು ಮನ್ನಿಸುವ ಬಲವೂ ಅವರಲ್ಲಿ ಬೆಳೆಯಲಿ.